ರೋಮ್‌ನಲ್ಲಿ ಕ್ರಿಸ್‌ಮಸ್ ಕಳೆಯುವುದು ಹೇಗೆ: 24, 25, 26ನೇ ತಾರೀಖನ್ನು ಮೊದಲು ಕೂರಿಸಿಕೊಳ್ಳಿ

ಪ್ರತಿ ಜನವರಿಯಲ್ಲೂ ನನಗೆ ಬರುವ ಮೆಸೇಜುಗಳು ಒಂದೇ ತರಹ ಇರುತ್ತವೆ. "ರೋಮ್ ಟ್ರಿಪ್ ಚೆನ್ನಾಗಿತ್ತು, ಆದ್ರೆ ಕ್ರಿಸ್‌ಮಸ್ ದಿನ ಮಾತ್ರ..." ಅಂತ ಶುರುವಾಗುತ್ತದೆ. ಬಸ್ ಇರಲಿಲ್ಲ, ಊಟ ಸಿಗಲಿಲ್ಲ, ಕೊಲೋಸಿಯಂ ಮುಚ್ಚಿತ್ತು, ಪೋಪ್ ಪೂಜೆಗೆ ಒಳಗೆ ಬಿಡಲಿಲ್ಲ. ಹೋದವರು ಬೇರೆ ಬೇರೆ, ಎಡವಿದ ಜಾಗ ಒಂದೇ.

ಕಾರಣವೂ ಒಂದೇ. ನಾವು ಪ್ಲಾನ್ ಮಾಡುವಾಗ ಇಳಿದ ದಿನದಿಂದ ಸಾಲಾಗಿ ಬರೆದುಕೊಂಡು ಹೋಗುತ್ತೇವೆ, ಮೊದಲ ದಿನ ಇದು, ಎರಡನೇ ದಿನ ಅದು ಅಂತ, ಕೊನೆಗೆ ಉಳಿದದ್ದನ್ನೆಲ್ಲ 25ರ ಆಸುಪಾಸಿಗೆ ತುರುಕುತ್ತೇವೆ. ನಮ್ಮಲ್ಲಿ ಹಬ್ಬ ಅಂದರೆ ಬೀದಿ ತುಂಬ ಜನ, ಅಂಗಡಿಗೆ ಅಂಗಡಿ ತೆರೆದಿರುತ್ತದೆ. ರೋಮ್‌ನಲ್ಲಿ ಕ್ರಿಸ್‌ಮಸ್ ಅಂದರೆ ಬಾಗಿಲು ಹಾಕಿಕೊಂಡು ಮನೆಯವರ ಜೊತೆ ಊಟ. ಹಾಗಾಗಿ ಪ್ಲಾನನ್ನು ಮಧ್ಯದಿಂದ ಶುರು ಮಾಡಬೇಕು. ಮೊದಲು ಆ ಮೂರು ದಿನ, ಆಮೇಲೆ ಹಿಂದೆ ಮುಂದೆ ಉಳಿದದ್ದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಕ್ರಮ ತಪ್ಪಿದರೆ ಅರ್ಧ ಕೆಲಸ ಕೆಡುತ್ತದೆ.

## ಹಂತ 1: ಒಂದು ಹಾಳೆಯಲ್ಲಿ ಮೂರು ದಿನ ಬರೆಯಿರಿ

ಹಾಳೆ ತೆಗೆದುಕೊಂಡು 24, 25, 26 ಅಂತ ಮೂರು ಕಾಲಂ ಹಾಕಿ. ಪ್ರತಿ ದಿನಕ್ಕೂ ಮೂರೇ ಪ್ರಶ್ನೆ. ಏನು ತೆರೆದಿರುತ್ತದೆ? ಹೇಗೆ ಓಡಾಡುತ್ತೇನೆ? ಎಲ್ಲಿ ಉಣ್ಣುತ್ತೇನೆ?

24ರಂದು ಬೆಳಿಗ್ಗೆ ಎಲ್ಲ ಮಾಮೂಲು. ಮಧ್ಯಾಹ್ನದ ಮೇಲೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಬಸ್ಸು, ಮೆಟ್ರೊ ರಾತ್ರಿ 9ರ ಹೊತ್ತಿಗೇ ನಿಂತುಬಿಡುತ್ತವೆ.

25ರಂದು ಕೊಲೋಸಿಯಂ, ರೋಮನ್ ಫೋರಂ, ಪ್ಯಾಂಥಿಯನ್, ವ್ಯಾಟಿಕನ್ ಮ್ಯೂಸಿಯಂ, ಬೊರ್ಗೇಸೆ ಗ್ಯಾಲರಿ ಎಲ್ಲ ಬಂದ್. ಈಚಿನ ವರ್ಷಗಳಲ್ಲಿ ಮೆಟ್ರೊ, ಬಸ್ ಎರಡೂ ಬೆಳಿಗ್ಗೆ ಸುಮಾರು 8ರಿಂದ ಮಧ್ಯಾಹ್ನ 1ರವರೆಗೆ ಓಡಿ, ಊಟದ ಹೊತ್ತಿಗೆ ನಿಂತು, ಮತ್ತೆ 4:30ರಿಂದ 9ರವರೆಗೆ ಓಡುತ್ತಿವೆ. ಡ್ರೈವರುಗಳೂ ಮನೆಗೆ ಹೋಗಿ ಹಬ್ಬದ ಊಟ ಮಾಡಬೇಕಲ್ವಾ. ನೀವು ಹೋಗುವ ವರ್ಷದ ಸಮಯವನ್ನು ನಗರ ಸಾರಿಗೆ ಸಂಸ್ಥೆಯಾದ ಅತಾಕ್‌ನ ಸೈಟಿನಲ್ಲಿ ಡಿಸೆಂಬರ್ ಮೂರನೇ ವಾರ ನೋಡಿ ಬರೆದುಕೊಳ್ಳಿ.

26 ಸಾಂತೊ ಸ್ತೇಫಾನೊ, ಅಂದರೆ ಸಂತ ಸ್ತೇಫನರ ದಿನ, ಅದೂ ರಜೆ. ಕೊಲೋಸಿಯಂ ತೆರೆದಿರುತ್ತದೆ, ವ್ಯಾಟಿಕನ್ ಮ್ಯೂಸಿಯಂ ಮಾತ್ರ ಅವತ್ತೂ ಇಲ್ಲ. ಎಡವುವವರಲ್ಲಿ ಹೆಚ್ಚಿನವರು ಬೀಳುವುದು ಇಲ್ಲೇ. 25 ಒಂದೇ ದಿನ ರಜೆ ಅಂದುಕೊಂಡು, ಆ ಮ್ಯೂಸಿಯಂ ಒಳಗಿಂದಲೇ ನೋಡಬೇಕಾದ ಸಿಸ್ಟೈನ್ ಚಾಪೆಲನ್ನು 26ಕ್ಕೆ ಇಟ್ಟುಕೊಳ್ಳುತ್ತಾರೆ, 27ಕ್ಕೆ ವಿಮಾನ ಹತ್ತುತ್ತಾರೆ.

ಈ ಹಾಳೆ ಅಂದಾಜಾಗಿಯಾದರೂ ತುಂಬುವವರೆಗೂ ವಿಮಾನದ ಟಿಕೆಟ್ ಬುಕ್ ಮಾಡಬೇಡಿ. 22ರ ಒಳಗೆ ಇಳಿದು 28ರ ಮೇಲೆ ಹೊರಡುವಂತಿದ್ದರೆ ಎಲ್ಲವೂ ಸಲೀಸಾಗಿ ಕೂರುತ್ತದೆ. 24ರ ರಾತ್ರಿ ಅಥವಾ 25ಕ್ಕೆ ಇಳಿಯುವ ವಿಮಾನ ಎಷ್ಟೇ ಅಗ್ಗ ಸಿಕ್ಕಿದರೂ ಬೇಡ.

## ಹಂತ 2: ವೀಸಾ, ಜೂನ್ ಕೊನೆಯಿಂದಲೇ ಶುರು

ಬೇಕಿರುವುದು ಶೆಂಗೆನ್ ವೀಸಾ, ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಅಂದರೆ ಜೂನ್ ಕೊನೆಯಿಂದಲೇ. ನಿಯಮದ ಪ್ರಕಾರ 15 ದಿನ ಮುಂಚೆ ಹಾಕಿದರೂ ನಡೆಯುತ್ತದೆ, ಆದರೆ ಅದನ್ನು ನಂಬಿ ಕೂರಬೇಡಿ. ಪರಿಶೀಲನೆ 45 ದಿನದವರೆಗೂ ಎಳೆಯಬಹುದು, ಅದಕ್ಕಿಂತ ಮುಂಚೆ ಅಪಾಯಿಂಟ್‌ಮೆಂಟ್ ಸಿಗಬೇಕು. ಸೆಪ್ಟೆಂಬರ್ ಒಳಗೆ ಅರ್ಜಿ ಕೊಟ್ಟಿರಿ.

ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12ರ ಒಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೊ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಶೆಂಗೆನ್ ದೇಶಗಳಿಂದ ಹೊರಡುವ ದಿನದಿಂದ ಮುಂದೆ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಹಾಳೆ ಇರಬೇಕು. ರೋಮ್ ಜೊತೆ ಪ್ಯಾರಿಸ್ಸೋ ವಿಯೆನ್ನಾನೋ ಸೇರಿಸಿದ್ದರೆ, ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು. ಬೇಗ ಸಿಗುತ್ತದೆ ಅಂತ ಬೇರೆ ದೇಶಕ್ಕೆ ಹಾಕಿ ಸುಳ್ಳು ಪ್ಲಾನ್ ತೋರಿಸುವುದು ಬೇಡವೇ ಬೇಡ.

ಇನ್ನೊಂದು ಹೊಸ ವಿಷಯ. ಯೂರೋಪಿನ ಗಡಿಯಲ್ಲಿ ಈಗ ಬೆರಳಚ್ಚು, ಫೋಟೊ ತೆಗೆದು ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, 2025ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಾರಿಯಲ್ಲಿ ಬೇರೆ ಶೆಂಗೆನ್ ದೇಶದಲ್ಲಿ ವಿಮಾನ ಬದಲಿಸುವುದಾದರೆ ಈ ಸಾಲು ಅಲ್ಲೇ ಸಿಗುತ್ತದೆ. ಮಧ್ಯೆ ಮೂರು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ.

## ಹಂತ 3: ಪೋಪ್ ಅವರ ಬಲಿಪೂಜೆಗೆ ಟಿಕೆಟ್

24ರ ರಾತ್ರಿ ಸೇಂಟ್ ಪೀಟರ್ಸ್ ಬೆಸಿಲಿಕಾದಲ್ಲಿ ಪೋಪ್ ಬಲಿಪೂಜೆ ಅರ್ಪಿಸುತ್ತಾರೆ. ಒಳಗೆ ಹೋಗಲು ಟಿಕೆಟ್ ಬೇಕು. ಟಿಕೆಟ್ ಪೂರ್ತಿ ಉಚಿತ. ಇದನ್ನು ಎರಡು ಸಲ ಓದಿ. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಟಿಕೆಟ್ ಕೊಡುವುದು ವ್ಯಾಟಿಕನ್‌ನ ಪ್ರಿಫೆಕ್ಚರ್ ಆಫ್ ದಿ ಪೇಪಲ್ ಹೌಸ್‌ಹೋಲ್ಡ್ ಕಚೇರಿ. ಅವರ ಸೈಟಿನಲ್ಲಿ ಹೇಳಿದ ರೀತಿಯಲ್ಲಿ ಹೆಸರು, ಎಷ್ಟು ಜನ, ಯಾವ ಪೂಜೆ ಅಂತ ಬರೆದು ಕೇಳಬೇಕು. ಎರಡು ಮೂರು ತಿಂಗಳು ಮುಂಚೆ ಕಳುಹಿಸಿ. ನಿಮ್ಮ ಊರಿನ ಚರ್ಚಿನ ಫಾದರ್ ಹತ್ತಿರ ಒಂದು ಪತ್ರ ತೆಗೆದುಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಮಂಗಳೂರು ಕಡೆಯ ಎಷ್ಟೋ ಫಾದರ್‌ಗಳು, ಸಿಸ್ಟರ್‌ಗಳು ರೋಮ್‌ನಲ್ಲಿ ಓದುತ್ತಿರುತ್ತಾರೆ, ಅವರ ಮೂಲಕ ವಿಚಾರಿಸಿದರೆ ಸರಿಯಾದ ಮಾಹಿತಿ ಬೇಗ ಸಿಗುತ್ತದೆ. ಟಿಕೆಟನ್ನು ಪೂಜೆಗೆ ಒಂದೆರಡು ದಿನ ಮುಂಚೆ ಸೇಂಟ್ ಪೀಟರ್ಸ್ ಚೌಕದ ಬಲಗಡೆ ಕಂಬಸಾಲಿನ ಹತ್ತಿರ ಇರುವ ಕಂಚಿನ ಬಾಗಿಲಲ್ಲಿ ಪಡೆಯಬೇಕು. ಬಣ್ಣಬಣ್ಣದ ಪಟ್ಟೆ ಬಟ್ಟೆ ಹಾಕಿದ ಸ್ವಿಸ್ ಗಾರ್ಡ್‌ಗಳು ಅಲ್ಲಿ ನಿಂತಿರುತ್ತಾರೆ, ಗುರುತು ಸಿಗುತ್ತದೆ.

ಎರಡು ತಪ್ಪು ಇಲ್ಲಿ ಪದೇ ಪದೇ ಆಗುತ್ತವೆ. ಒಂದು, ಪೂಜೆ ಮಧ್ಯರಾತ್ರಿಗೆ ಅಂತ ತಿಳಿದುಕೊಳ್ಳುವುದು. ಪೋಪ್ ಫ್ರಾನ್ಸಿಸ್ ಇದ್ದಾಗ ಹಲವು ವರ್ಷ ಸಂಜೆ 7:30ಕ್ಕೇ ಇತ್ತು. 2025ರಲ್ಲಿ ಪೋಪ್ ಲಿಯೊ ಅದನ್ನು ರಾತ್ರಿ 10ಕ್ಕೆ ಇಟ್ಟರು. ಪ್ರತಿ ವರ್ಷ ನೋಡಿಯೇ ಹೋಗಬೇಕು. ಎರಡು, ಟಿಕೆಟ್ ಇದೆ ಅಂದರೆ ಸೀಟು ಇದೆ ಅಂತ ನಂಬುವುದು. ಟಿಕೆಟ್ ಮೇಲೆ ಸೀಟ್ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮುಂದಿನ ಕುರ್ಚಿ. ಎರಡೂವರೆ ಮೂರು ಗಂಟೆ ಮುಂಚೆ ಸಾಲಿನಲ್ಲಿರಿ.

ಟಿಕೆಟ್ ಸಿಗಲಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಚೌಕದಲ್ಲಿ ದೊಡ್ಡ ಪರದೆ ಹಾಕಿರುತ್ತಾರೆ. ಇಲ್ಲವಾದರೆ ಊರಿನ ಬೇರೆ ಚರ್ಚುಗಳು. ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾದಲ್ಲಿ ಯೇಸುವಿನ ಗೋದಲಿಯದು ಅಂತ ನಂಬುವ ಮರದ ತುಂಡುಗಳನ್ನು ಇಟ್ಟಿದ್ದಾರೆ. ಕ್ರಿಸ್‌ಮಸ್ ರಾತ್ರಿ ಅದರ ಮುಂದೆ ಮಂಡಿಯೂರಿ ಕೂತವರನ್ನು ನೋಡಿದರೆ ಯಾವ ಟಿಕೆಟ್ಟೂ ನೆನಪಾಗುವುದಿಲ್ಲ. ಪೋಪ್ ಫ್ರಾನ್ಸಿಸ್ ಅವರ ಸಮಾಧಿಯೂ ಇದೇ ಚರ್ಚಿನಲ್ಲಿದೆ. ಇಂಗ್ಲಿಷಿನಲ್ಲಿ ಪೂಜೆ ಬೇಕಿದ್ದರೆ ಸಾನ್ ಸಿಲ್ವೆಸ್ತ್ರೊ ಇನ್ ಕಾಪಿತೆ ಅಥವಾ ಸೇಂಟ್ ಪ್ಯಾಟ್ರಿಕ್ಸ್ ಚರ್ಚ್, ಪ್ರೊಟೆಸ್ಟೆಂಟರಿಗೆ ವಿಯಾ ದೆಲ್ ಬಬುಯೀನೊದಲ್ಲಿ ಆಲ್ ಸೇಂಟ್ಸ್.

## ಹಂತ 4: ಉಳಿಯುವ ಜಾಗ

ಬೇರೆ ಸಮಯದಲ್ಲಾದರೆ ಊರಿನ ಮುಖ್ಯ ರೈಲು ನಿಲ್ದಾಣವಾದ ತೆರ್ಮಿನಿ ಹತ್ತಿರ ರೂಮ್ ಮಾಡಿ ಅನ್ನುತ್ತಿದ್ದೆ. ಕ್ರಿಸ್‌ಮಸ್‌ಗೆ ಬೇಡ. ಯಾಕೆ ಅಂದರೆ 24ರ ರಾತ್ರಿ ಪೂಜೆ ಮುಗಿದಾಗ ಬಸ್ಸೂ ಇರುವುದಿಲ್ಲ, ಮೆಟ್ರೊನೂ ಇರುವುದಿಲ್ಲ, ಸಾವಿರಾರು ಜನ ಒಟ್ಟಿಗೆ ಟ್ಯಾಕ್ಸಿ ಹುಡುಕುತ್ತಿರುತ್ತಾರೆ. ಸೇಂಟ್ ಪೀಟರ್ಸ್‌ನಿಂದ ತೆರ್ಮಿನಿಗೆ ಸುಮಾರು 4 ಕಿ.ಮೀ. ನಿದ್ದೆಗಣ್ಣಿನ ಮಗು ಎತ್ತಿಕೊಂಡು, ಚಳಿಯಲ್ಲಿ, ಕಲ್ಲುಹಾಸಿನ ಮೇಲೆ ಅಷ್ಟು ದೂರ ನಡೆದ ಮೇಲೆ ನಾನು ಈ ಪಾಠ ಕಲಿತೆ.

ವ್ಯಾಟಿಕನ್ ಪಕ್ಕದ ಬಡಾವಣೆಗಳಾದ ಪ್ರಾತಿ, ಬೋರ್ಗೊ, ಅಥವಾ ಪಿಯಾತ್ಸಾ ನವೋನಾ ಚೌಕದ ಸುತ್ತಮುತ್ತ ನೋಡಿ. ನವೋನಾದಿಂದ ವ್ಯಾಟಿಕನ್‌ಗೆ ನಡೆದರೆ 20-25 ನಿಮಿಷ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಕಣ್ಣುಮುಚ್ಚಿ ಆರಿಸಿ, ಕಾರಣ ಹಂತ 6ರಲ್ಲಿದೆ. ಬುಕ್ ಮಾಡುವ ಮುಂಚೆ ಮನೆ ಮಾಲೀಕರಿಗೆ ಎರಡು ಪ್ರಶ್ನೆ ಬರೆದು ಕೇಳಿ: ಹೀಟರ್ ಇಡೀ ದಿನ ಇರುತ್ತದಾ, 24-25ರಂದು ಕೀ ಕೊಡಲು ಯಾರು ಇರುತ್ತಾರೆ. ನಗರದ ಪ್ರವಾಸಿ ತೆರಿಗೆ ಬೇರೆ, ಒಬ್ಬರಿಗೆ ಒಂದು ರಾತ್ರಿಗೆ 10 ಯೂರೊವರೆಗೂ ಆಗುತ್ತದೆ, ಅದನ್ನು ಸಾಮಾನ್ಯವಾಗಿ ಅಲ್ಲೇ ಕಟ್ಟಬೇಕು.

## ಹಂತ 5: ಉಳಿದ ದಿನಗಳ ಟಿಕೆಟ್

ಈಗ 22, 23, 27, 28 ತುಂಬಿಸಿ. ಕೊಲೋಸಿಯಂ ಟಿಕೆಟ್ ಅಧಿಕೃತ ಸೈಟಿನಲ್ಲಿ 30 ದಿನ ಮುಂಚೆ ಬಿಡುತ್ತಾರೆ, ಫೋನಿನಲ್ಲಿ ಅಲಾರ್ಮ್ ಇಟ್ಟುಕೊಳ್ಳಿ. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಚಳಿಗಾಲದಲ್ಲಿ ಕೊನೆಯ ಪ್ರವೇಶ ಮಧ್ಯಾಹ್ನ 3:30ಕ್ಕೇ ಮುಗಿಯುತ್ತದೆ, ಸಂಜೆಗೆ ಅಂತ ಇಟ್ಟುಕೊಳ್ಳಬೇಡಿ. ಬೊರ್ಗೇಸೆಗೆ ಬುಕಿಂಗ್ ಇಲ್ಲದೆ ಪ್ರವೇಶವೇ ಇಲ್ಲ, ಎರಡೆರಡು ಗಂಟೆಯ ಸ್ಲಾಟ್. ಪ್ಯಾಂಥಿಯನ್‌ಗೂ 2023ರಿಂದ ಟಿಕೆಟ್ ಇದೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಅದನ್ನು 23ರ ಒಳಗೆ ಮುಗಿಸಿಬಿಡಿ.

## ಹಂತ 6: ಊಟ, ಅದರಲ್ಲೂ ಸಸ್ಯಾಹಾರ

ಅತಿ ಹೆಚ್ಚು ಜನ ಸೋಲುವ ಹಂತ ಇದು, ಸ್ವಲ್ಪ ನಿಧಾನವಾಗಿ ಓದಿ.

24ರ ರಾತ್ರಿ ಇಟಲಿಯ ಸಂಪ್ರದಾಯದಲ್ಲಿ ಮಾಂಸ ಇಲ್ಲ. ಇದನ್ನು ಎಲ್ಲೋ ಓದಿ, ಹಾಗಾದರೆ ಸಸ್ಯಾಹಾರ ಸಿಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಅವತ್ತು ಮೀನಿನ ಊಟ, ಮೊದಲಿಂದ ಕೊನೆಯವರೆಗೂ ಮೀನು. 25ರ ಮಧ್ಯಾಹ್ನ ತೆರೆದಿರುವ ಹೋಟೆಲುಗಳಲ್ಲಿ ಹೆಚ್ಚಿನವು ಒಂದೇ ನಿಗದಿತ ಮೆನು ಇಟ್ಟಿರುತ್ತವೆ, ತಲಾ ಇಷ್ಟು ಅಂತ, ಅದರಲ್ಲಿ ಮಾಂಸ ಇದ್ದೇ ಇರುತ್ತದೆ. ಹಾಗಾಗಿ 25ರ ಊಟಕ್ಕೆ ನವೆಂಬರ್‌ನಲ್ಲೇ ಟೇಬಲ್ ಬುಕ್ ಮಾಡಿ, ಸಸ್ಯಾಹಾರ ಕೊಡುತ್ತೀರಾ ಅಂತ ಬರಹದಲ್ಲಿ ಒಪ್ಪಿಸಿಕೊಳ್ಳಿ.

ರೋಮ್‌ನ ಹೆಸರಾಂತ ನಾಲ್ಕು ಪಾಸ್ತಾಗಳಲ್ಲಿ ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ ಮೂರಕ್ಕೂ ಹಂದಿಮಾಂಸ ಹಾಕುತ್ತಾರೆ. ಕಾಚೊ ಎ ಪೆಪೆ ಒಂದರಲ್ಲಿ ಮಾತ್ರ ಚೀಸ್, ಕಾಳುಮೆಣಸು ಅಷ್ಟೇ. ಆ ಪೆಕೊರಿನೊ ಚೀಸ್ ಕೂಡ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಹೆಪ್ಪಿನಿಂದ ಹೆಪ್ಪುಗಟ್ಟಿಸಿದ್ದು, ಅದು ನಿಮಗೆ ಆಗದಿದ್ದರೆ ಟೊಮೆಟೊ ಸಾಸಿನ ಪೊಮೊದೊರೊ ಅಥವಾ ಖಾರದ ಅರಾಬ್ಬಿಯಾತಾ ತೆಗೆದುಕೊಂಡು ಚೀಸ್ ಬೇಡ ಅನ್ನಿ. ಪಿಜ್ಜಾದಲ್ಲಿ ಮರಿನಾರಾಗೆ ಚೀಸೇ ಇಲ್ಲ, ಟೊಮೆಟೊ ಬೆಳ್ಳುಳ್ಳಿ ಮಾತ್ರ. ಕುಂಬಳ ಜಾತಿಯ ಹೂ ಹಾಕಿದ ಪಿಜ್ಜಾ ನೋಡಲು ಪೂರ್ತಿ ಸಸ್ಯಾಹಾರದಂತೆ ಕಾಣುತ್ತದೆ, ಒಳಗೆ ಆಂಚೊವಿ ಮೀನು ಇರುತ್ತದೆ. ಸುಪ್ಲಿ ಅನ್ನುವ ಅನ್ನದ ಬೋಂಡಾದೊಳಗೆ ಸಾಮಾನ್ಯವಾಗಿ ಮಾಂಸದ ಸಾಸ್. ಪುಂತಾರೆಲ್ಲೆ ಸೊಪ್ಪಿನ ಸಲಾಡಿನಲ್ಲೂ ಆಂಚೊವಿ.

ಇಷ್ಟು ಮಾತು ಬಾಯಿಪಾಠ ಮಾಡಿ: "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ". ಮಾಂಸ ಬೇಡ, ಮೀನು ಬೇಡ ಅಂತ. ಬರೀ "ವೆಜಿಟೇರಿಯನ್" ಅಂದರೆ ಆಂಚೊವಿ ಬಂದುಬಿಡುತ್ತದೆ.

25ಕ್ಕೆ ಎರಡು ದಾರಿ ಯಾವಾಗಲೂ ಇಟ್ಟುಕೊಳ್ಳಿ. ಒಂದು, ಹಳೆಯ ಯಹೂದಿ ಬಡಾವಣೆ, ಪೋರ್ತಿಕೊ ದ'ಒತ್ತಾವಿಯಾ ಬೀದಿ. ಅವರಿಗೆ ಕ್ರಿಸ್‌ಮಸ್ ಹಬ್ಬವಲ್ಲ, ಹಾಗಾಗಿ ಹೋಟೆಲುಗಳು ತೆರೆದಿರುತ್ತವೆ. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ಆರ್ಟಿಚೋಕ್ ಅನ್ನುವ ಮೊಗ್ಗಿನಂಥ ತರಕಾರಿ ಅಲ್ಲಿನ ವಿಶೇಷ, ಹೂವಿನಂತೆ ಅರಳಿರುತ್ತದೆ, ಪೂರ್ತಿ ಸಸ್ಯಾಹಾರ. ಆದರೆ ವಾರ ನೋಡಿಕೊಳ್ಳಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಅವರ ಸಬ್ಬತ್, ವಾರದ ವಿಶ್ರಾಂತಿಯ ದಿನ. 2026ರ ಡಿಸೆಂಬರ್ 25 ಶುಕ್ರವಾರ, ಅಂದರೆ ಮಧ್ಯಾಹ್ನದ ಊಟಕ್ಕಷ್ಟೇ ಹೋಗಬಹುದು. 2027ರಲ್ಲಿ ಅದು ಶನಿವಾರ, ಈ ದಾರಿ ಮುಚ್ಚಿತು.

ಎರಡನೆಯದು ತೆರ್ಮಿನಿ ಹತ್ತಿರದ ಎಸ್ಕ್ವಿಲಿನೊ. ಬಾಂಗ್ಲಾದೇಶದವರ ಅಂಗಡಿಗಳು ಅಲ್ಲಿ ಬಹಳ ಇವೆ, ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಸಿಗುತ್ತದೆ. 23ರಂದೇ ಹೋಗಿ ತಂದಿಟ್ಟುಕೊಳ್ಳಿ. ಅಡುಗೆಮನೆ ಇರುವ ರೂಮ್ ಬೇಕು ಅಂದದ್ದು ಇದಕ್ಕೇ. ಹಬ್ಬದ ರಾತ್ರಿ ಬಿಸಿ ಅನ್ನ, ತಿಳಿಸಾರು ಇದ್ದರೆ ಮಕ್ಕಳೂ ದೊಡ್ಡವರೂ ನೆಮ್ಮದಿಯಾಗಿರುತ್ತಾರೆ.

## ಹಂತ 7: ಬ್ಯಾಗಿನಲ್ಲಿ ಏನಿರಬೇಕು

ಡಿಸೆಂಬರ್‌ನಲ್ಲಿ ರೋಮ್ ಹಗಲು 12 ಡಿಗ್ರಿ ಸುಮಾರು, ರಾತ್ರಿ 3-4ಕ್ಕೆ ಇಳಿಯುತ್ತದೆ. ಹಿಮ ಅಪರೂಪ, ಮಳೆ ಗ್ಯಾರಂಟಿ. ಸ್ವಿಟ್ಜರ್‌ಲೆಂಡಿಗೆ ಹೊರಟಂತೆ ಭಾರಿ ಜಾಕೆಟ್ ಬೇಕಿಲ್ಲ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ನೀರು ತಡೆಯುವ ಜಾಕೆಟ್, ಟೋಪಿ ಸಾಕು. ಚೌಕದಲ್ಲಿ ಮೂರು ಗಂಟೆ ನಿಲ್ಲುವಾಗ ಚಳಿ ಕಾಲಿನಿಂದ ಹತ್ತುತ್ತದೆ, ಎರಡು ಜೊತೆ ಉಣ್ಣೆ ಕಾಲುಚೀಲ ಇರಲಿ. ಶೂ ತಳ ಜಾರದಂತಿರಬೇಕು, ಮಳೆ ಬಿದ್ದ ಮೇಲೆ ಅಲ್ಲಿನ ಚೌಕಾಕಾರದ ಕಪ್ಪು ಕಲ್ಲುಹಾಸು ಸೋಪು ಹಚ್ಚಿದ ಹಾಗೆ ಜಾರುತ್ತದೆ. ಚರ್ಚಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ.

ತಿಂಡಿ ವಿಷಯದಲ್ಲಿ ಹುಷಾರು. ಯೂರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪ, ಪನೀರ್, ಹಾಲಿನ ಪುಡಿ ಮನೆಯಲ್ಲೇ ಬಿಡಿ. ಹಸಿ ಕರಿಬೇವು, ಮಾವಿನಕಾಯಿಯೂ ಬೇಡ. ಚಟ್ನಿಪುಡಿ, ಪುಳಿಯೋಗರೆ ಪುಡಿ, ಅವಲಕ್ಕಿ, ಸಾರಿನ ಪುಡಿ ಒಯ್ಯಿರಿ. ಒಂದು ಪ್ಲಗ್ ಅಡಾಪ್ಟರ್, ನೀರಿನ ಬಾಟಲಿ. ಬೀದಿಬೀದಿಯಲ್ಲಿ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಗಳಿವೆ, ದಿನವಿಡೀ ಹರಿಯುವ ಆ ನೀರು ಕುಡಿಯಲು ಯೋಗ್ಯ.

ಹೊರಡುವ ಮುಂಚೆ ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ. ಮೆಟ್ರೊ ಗೇಟಿನಲ್ಲೂ ಬಸ್ಸಿನಲ್ಲೂ ಕಾರ್ಡನ್ನೇ ತಾಗಿಸಿ ಹೋಗಬಹುದು, 100 ನಿಮಿಷಕ್ಕೆ ಒಂದೂವರೆ ಯೂರೊ. ಕಾಗದದ ಟಿಕೆಟ್ ಕೊಂಡರೆ ಬಸ್ ಹತ್ತಿದ ಕೂಡಲೇ ಮಷಿನ್ನಿಗೆ ಹಾಕಿ ಮುದ್ರೆ ಒತ್ತಿಸಿ. ಟಿಕೆಟ್ ಜೇಬಲ್ಲಿದ್ದೂ ಮುದ್ರೆ ಇಲ್ಲದ್ದಕ್ಕೆ ದಂಡ ಕಟ್ಟಿದವರು ಬಹಳ ಜನ.

## ಹಂತ 8: 24ನೇ ತಾರೀಖು, ಗಂಟೆ ಗಂಟೆಗೆ

ಬೆಳಿಗ್ಗೆ 9ಕ್ಕೇ ಸೂಪರ್ ಮಾರ್ಕೆಟ್. ಮೂರು ದಿನದ ಹಾಲು, ಬ್ರೆಡ್, ಹಣ್ಣು, ಔಷಧಿ ಎಲ್ಲ ಅವತ್ತೇ. ಪಾನೆತ್ತೋನೆ ಅನ್ನುವ ಎತ್ತರದ ಹಬ್ಬದ ಕೇಕನ್ನೂ ತನ್ನಿ, ಮೊಟ್ಟೆ ಇರುತ್ತದೆ ಅನ್ನುವುದು ಗೊತ್ತಿರಲಿ. ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳ ತಟ್ಟೆ ಹಂಚುವ ಹಾಗೆ ಅಲ್ಲಿ ಈ ಕೇಕಿನ ಡಬ್ಬ ಕೈಯಿಂದ ಕೈಗೆ ಹೋಗುತ್ತದೆ. ನಿಮ್ಮ ಅಪಾರ್ಟ್‌ಮೆಂಟ್ ಮಾಲೀಕರಿಗೆ ಒಂದು ಕೊಡಿ, ಮುಖ ಅರಳುತ್ತದೆ.

11ರಿಂದ 2ರವರೆಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯಗಳನ್ನು ನೋಡುತ್ತಾ ನಡೆಯಿರಿ. ಚರ್ಚಿಗೊಂದು ಗೋದಲಿ, ಒಂದೊಂದೂ ಬೇರೆ. ಪಿಯಾತ್ಸಾ ನವೋನಾದ ಸಂತೆಯೂ ದಾರಿಯಲ್ಲೇ. 2ಕ್ಕೆ ಹೊಟ್ಟೆ ತುಂಬ ಊಟ, ಅವತ್ತಿನ ಕೊನೆಯ ನಿಶ್ಚಿಂತೆಯ ಊಟ ಅದು. ರೂಮಿಗೆ ಬಂದು ಒಂದು ಗಂಟೆ ಮಲಗಿ. ಸುಮಾರು 4:40ಕ್ಕೆ ಕತ್ತಲಾಗುತ್ತದೆ.

ಚೌಕಕ್ಕೆ ಹೋಗುವಾಗ ದೊಡ್ಡ ಬ್ಯಾಗ್ ಬೇಡ, ಮೆಟಲ್ ಡಿಟೆಕ್ಟರ್ ದಾಟಬೇಕು. ಪೂಜೆ ಮುಗಿದ ಮೇಲೆ ನಡೆದೇ ವಾಪಸ್. ಹಿಂದಿನ ದಿನ ಹಗಲಲ್ಲಿ ಆ ದಾರಿ ಒಮ್ಮೆ ನಡೆದು ನೋಡಿರಿ.

## ಹಂತ 9: 25

ಬೆಳಿಗ್ಗೆ 7:30ಕ್ಕೆ ಟ್ರೆವಿ ಕಾರಂಜಿಗೆ ಹೋಗಿ. ವರ್ಷವಿಡೀ ಕಾಲಿಡಲು ಜಾಗ ಇಲ್ಲದ ಆ ಜಾಗದಲ್ಲಿ ನೀರಿನ ಸದ್ದು ಕೇಳುವ ಬೆಳಿಗ್ಗೆಗಳು ತೀರಾ ಕಡಿಮೆ, ಇದು ಅಂಥದ್ದೊಂದು. ಅಲ್ಲಿಂದ ಸ್ಪ್ಯಾನಿಷ್ ಮೆಟ್ಟಿಲು, ನಂತರ ನದಿ ದಾಟಿ ವ್ಯಾಟಿಕನ್. ಮಧ್ಯಾಹ್ನ 12ಕ್ಕೆ ಸರಿಯಾಗಿ ಪೋಪ್ ಬೆಸಿಲಿಕಾದ ಮಧ್ಯದ ಬಾಲ್ಕನಿಗೆ ಬಂದು "ಉರ್ಬಿ ಎತ್ ಓರ್ಬಿ" ಆಶೀರ್ವಾದ ಕೊಡುತ್ತಾರೆ, ಊರಿಗೂ ಲೋಕಕ್ಕೂ ಅಂತ ಅದರ ಅರ್ಥ. ಇದಕ್ಕೆ ಟಿಕೆಟ್ ಬೇಡ. 10:30ಕ್ಕೆ ಚೌಕದ ಒಳಗಿದ್ದರೆ ಒಳ್ಳೆಯ ಜಾಗ ಸಿಗುತ್ತದೆ. ಆಶೀರ್ವಾದದ ಹೊತ್ತಿಗೆ ನಮ್ಮ ಊರಲ್ಲಿ ಸಂಜೆ 4:30, ಅಪ್ಪ ಅಮ್ಮನಿಗೆ ವಿಡಿಯೊ ಕಾಲ್ ಮಾಡಲು ಸರಿಯಾದ ಹೊತ್ತು.

ಆಶೀರ್ವಾದ ಮುಗಿದ ಕೂಡಲೇ ಮೆಟ್ರೊ ಕಡೆ ಓಡಬೇಡಿ. 1ಕ್ಕೆ ಅದು ನಿಲ್ಲುತ್ತದೆ, ಎಲ್ಲರೂ ಅಲ್ಲೇ ನುಗ್ಗುತ್ತಾರೆ, ಜೇಬುಗಳ್ಳರಿಗೂ ಅದೇ ಬೇಕು. ಬುಕ್ ಮಾಡಿದ ಹೋಟೆಲಿಗೆ ನಡೆದು ಹೋಗಿ. ನದಿ ದಂಡೆ ಹಿಡಿದರೆ ಯಹೂದಿ ಬಡಾವಣೆ ಸುಮಾರು ಮುಕ್ಕಾಲು ಗಂಟೆ.

## ಹಂತ 10: 26

ಕೊಲೋಸಿಯಂ ಇವತ್ತಿಗೇ ಇಟ್ಟಿದ್ದರೆ ಬೆಳಗಿನ ಸ್ಲಾಟ್ ತೆಗೆದುಕೊಳ್ಳಿ, ನಿನ್ನೆ ಮುಚ್ಚಿದ್ದರಿಂದ ಜನ ಎರಡು ಪಟ್ಟು. ಇಲ್ಲವಾದರೆ 12ಕ್ಕೆ ಮತ್ತೆ ಸೇಂಟ್ ಪೀಟರ್ಸ್ ಚೌಕ, ಪೋಪ್ ಕಿಟಕಿಯಿಂದ ಪ್ರಾರ್ಥನೆ ನಡೆಸುತ್ತಾರೆ, ನಿನ್ನೆಗಿಂತ ಜನ ಕಡಿಮೆ.

## ಈ ಸೂಚನೆ ಕಂಡರೆ ನಿಲ್ಲಿ

ಪೂಜೆ ಟಿಕೆಟಿಗೆ ದುಡ್ಡು ಕೇಳಿದರೆ ಮೋಸ. 25ಕ್ಕೆ ಕೊಲೋಸಿಯಂ ಒಳಗಿನ ಟೂರ್ ಅಂತ ಯಾರಾದರೂ ಮಾರಿದರೆ ಅದೂ ಮೋಸ, ಅವತ್ತು ಅದು ತೆರೆಯುವುದೇ ಇಲ್ಲ. ಹೋಟೆಲಿನ ಬಾಗಿಲಲ್ಲಿ ಬೆಲೆ ಹಾಕಿದ ಮೆನು ಕಾಣದಿದ್ದರೆ ಕೂರಬೇಡಿ. ವಿಮಾನ ನಿಲ್ದಾಣದಲ್ಲಿ ಕೈಹಿಡಿದು "ಟ್ಯಾಕ್ಸಿ, ಟ್ಯಾಕ್ಸಿ" ಅನ್ನುವವರ ಹಿಂದೆ ಹೋಗಬೇಡಿ. ಮೀಟರ್ ಇರುವ ಬಿಳಿ ಟ್ಯಾಕ್ಸಿಗೆ ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ಹಳೆ ಗೋಡೆಯೊಳಗಿನ ನಗರಕ್ಕೆ ನಿಗದಿತ ದರ 55 ಯೂರೊ, ಲಗೇಜ್ ಸೇರಿ. ಹತ್ತುವ ಮುಂಚೆ ದರ ಕೇಳಿ ಒಪ್ಪಿಸಿಕೊಳ್ಳಿ. ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷಕ್ಕೆ ತೆರ್ಮಿನಿ ಮುಟ್ಟಿಸುತ್ತದೆ, 14 ಯೂರೊ. ತೆರ್ಮಿನಿಯಿಂದ ವ್ಯಾಟಿಕನ್‌ಗೆ ಹೋಗುವ 64 ನಂಬರ್ ಬಸ್ಸಿನಲ್ಲಿ ಪಾಸ್‌ಪೋರ್ಟ್ ಬಟ್ಟೆಯೊಳಗೆ ಇರಲಿ, ಬ್ಯಾಗ್ ಎದೆಯ ಮೇಲೆ ಇರಲಿ. ಏನೇ ತುರ್ತು ಆದರೂ 112.